ಎಂಟು ಮಾಲೋ, ಒಂದು ಥೂ

ಮಾರ್ಚ್ 16, ಶನಿವಾರ
ವೆಲ್ಡನ್, ಕ್ಯಾನ್ಸಸ್. ಸೆತೆಯಿಂದ ಸಿಯೆನಿ ಅಕ್ಕನಿಗೆ, ಧ್ವನಿ ಸಂದೇಶ

ಮಾಲೋ ಅಕ್ಕ! ಇವತ್ತು ಮೊದಲನೇ ಆಟ, ಹಾಸೋ ಹುಲ್ಲೇ ಒಂದು ಸುರುಳಿ ಕಮ್ಮಿ ಬಿತ್ತು. ಸುಳ್ಳಲ್ಲ ಕಣೇ. ಅಮೆರಿಕನ್ ಫುಟ್‌ಬಾಲ್ ಅಂದ್ರೂ ನಮ್ಮ ಆಟ ಸೂರಿನ ಕೆಳಗೆ ತಾನೆ, ಸಿಮೆಂಟ್ ನೆಲದ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಬಿಚ್ಚಿ ಹಾಸ್ಬೇಕು. ನಿನ್ನೆವರೆಗೂ ಅಲ್ಲಿ ದನಗಳ ಹರಾಜು ನಡೀತಿತ್ತು. ಬೆಳಿಗ್ಗೆ ಬೂಟಿನ ಲೇಸ್ ಕಿತ್ತೋಯ್ತು, ಮಧ್ಯಾಹ್ನ ಸಗಣಿ ಗುಡಿಸಿದ್ವಿ, ಹೌದು, ನಾವೇ, ಆಟಗಾರರೇ. ಸಂಜೆ ನೋಡಿದ್ರೆ ಒಂದು ಮೂಲೇಲಿ ಹುಲ್ಲೇ ಇಲ್ಲ. ಕೋಚ್ ಡ್ವಾಯರ್ ಹೇಳಿದ್ರು, "ಆ ಮೂಲೆ ಕಡೆ ಯಾರೂ ಓಡ್ಬೇಡಿ." ಎದುರು ತಂಡದವ್ರಿಗೆ ಯಾರು ಹೇಳ್ಬೇಕು? ಅವರು ಆ ಮೂಲೇಲೇ ನಾಲ್ಕು ಸಲ ಗೆರೆ ದಾಟಿದ್ರು.

ಐವತ್ತೆಂಟು ಹನ್ನೆರಡು. ಹನ್ನೆರಡು ನಮ್ದು.

ನಾನು ಚೆನ್ನಾಗೇ ಆಡ್ದೆ. ನನ್ನ ಕೆಲಸ ಏನು, ಬಗ್ಗಿ ನಿಂತು ಚೆಂಡನ್ನ ಕಾಲ ಸಂದಿಯಿಂದ ಹಿಂದಕ್ಕೆ ಕೊಡೋದು, ಆಮೇಲೆ ಮುಂದಿರೋ ಗೂಳಿಯನ್ನ ತಡೆಯೋದು. ತಡೆದೆ. ಒಂದ್ಸಲ ಅವನೇ ನನ್ನ ತಡೆದ. ಮೈದಾನದ ಸುತ್ತ ಹಾಸಿಗೆ ಕಟ್ಟಿರೋ ಮೋಟು ಗೋಡೆ ಇದೆ ನೋಡು, ಅದರ ಮೇಲಿಂದ ಹಾರಿ ಹೋಗಿ ಮೊದಲ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ ತೊಡೆ ಮೇಲೆ ಬಿದ್ದೆ. ಹೋಕ್ಸ್ತ್ರಾ ಅಂತ. ಅವಳ ಚಿಪ್ಸೆಲ್ಲ ನನ್ನ ಕತ್ತಿನೊಳಗೆ. "ಏಟಾಯ್ತೇನೋ ಮರಿ?" ಅಂದ್ಳು. ನೂರಾನಲವತ್ತು ಕಿಲೋ ನಾನು. ಅವಳು ನನ್ನ ಕೇಳ್ತಾಳೆ!

ಅಜ್ಜಿಗೆ ಮಾತ್ರ ಅಂಕ ಹೇಳ್ಬೇಡ. ಏರ್‌ಪೋರ್ಟಲ್ಲಿ ಎಲ್ಲರ ಮುಂದೆ ದೊಡ್ಡದಾಗಿ ಹೇಳ್ಬಂದಿದೀನಿ, ಗೆದ್ದೋನಾಗೇ ಊರಿಗೆ ಕಾಲಿಡೋದು ಅಂತ. ಆಡ್ದ, ಚೆನ್ನಾಗಿದಾನೆ ಅಂತ ಹೇಳು. ಅಷ್ಟೇ.

ಮಾರ್ಚ್ 18, ಸೋಮವಾರ
ಫಾಂಗಾಲೋವ, ಅಮೆರಿಕನ್ ಸಮೋವಾ. ಸಿಯೆನಿಯಿಂದ ಸೆತೆಗೆ, ಬರಹ

ಸೆತೆ, ನಾನು ಟೈಪ್ ಮಾಡ್ತೀನಪ್ಪ, ಶಾಲೆ ಆಫೀಸಲ್ಲಿ ಕೂತು ಫೋನಿಗೆ ಕೂಗ್ತಾ ಇದ್ರೆ ಮಕ್ಕಳು ನಗ್ತಾರೆ.

ಅಜ್ಜಿಗೆ ನಾನೇನೂ ಹೇಳಿಲ್ಲ. ಆಣೆ. ಅವಳು ಖುಷಿಯಾಗಿದಾಳೆ. ತುಂಬಾನೇ. ಭಾನುವಾರ ಚರ್ಚಿಂದ ಬಂದು ಕಾಯಿಹಾಲಲ್ಲಿ ಕೆಸುವಿನೆಲೆ ಬೇಯಿಸಿ ನಾಲ್ಕು ಮನೆಗೆ ಕಳಿಸಿದ್ಲು. ಯಾಕೆ ಅಂತ ಕೇಳ್ಬೇಡ.

ಒಂದು ಮಾತು. ನಿನ್ನ ಸಂದೇಶ ಇಲ್ಲಿಗೆ ಬರೋದು ಸರಿಯಾಗಿ ಸಂಜೆ ಪ್ರಾರ್ಥನೆ ಹೊತ್ತಿಗೆ. ಗಂಟೆ ಅಂತ ತೂಗುಹಾಕಿರೋ ಖಾಲಿ ಗ್ಯಾಸ್ ಸಿಲಿಂಡರ್ ಬಾರಿಸ್ತಾ ಇದ್ರು, ಎಲ್ಲರೂ ಚಾಪೆ ಮೇಲೆ ಕಣ್ಮುಚ್ಚಿ ಕೂತಿದ್ರು, ಫೋನ್ ಮುಟ್ಟಿದ್ದೇ ತಡ ನೀನು "ಮಾಲೋ!" ಅಂತ ಕಿರುಚಿದೆ. ಅಲ್ಲೇ ಅದುಮಿ ಹಿಡಿದೆ. ಸ್ವಲ್ಪ ಮೆಲ್ಲಗೆ ಮಾತಾಡೋಕೆ ಏನು ಕಷ್ಟ ನಿನಗೆ?

ಏಪ್ರಿಲ್ 6, ಶನಿವಾರ
ಸೆತೆ, ಧ್ವನಿ ಸಂದೇಶ

ಮಾಲೋ ಅಕ್ಕ! ಮೆಲ್ಲಗೇ ಹೇಳ್ದೆ ನೋಡು. ನಾಲ್ಕಕ್ಕೆ ನಾಲ್ಕು. ಸೋಲು, ಮತ್ತೇನು.

ನಮ್ಮ ತಂಡದ ಹೆಸರು ಪ್ರೇರಿ ಡಾಗ್ಸ್. ಹೆಸರಲ್ಲಿ ನಾಯಿ, ನೋಡಿದ್ರೆ ಅಳಿಲು, ಬಿಲ ತೋಡಿ ಅವಿತ್ಕೊಳ್ಳೋ ಪ್ರಾಣಿ. ಹೆಸರಿಟ್ಟೋನಿಗೆ ಭವಿಷ್ಯ ಗೊತ್ತಿತ್ತು ಅನ್ಸುತ್ತೆ. ಈ ವಾರ ಮೂರು ಜನ ಬಿಟ್ಟುಹೋದ್ರು. ಒಬ್ಬ ಅರ್ಧ ಆಟದಲ್ಲಿ ನೀರು ಕುಡೀತೀನಿ ಅಂತ ಹೋದೋನು, ಕಾರ್ ಹತ್ತಿ ಒಕ್ಲಹೋಮ ಸೇರ್ಕೊಂಡ.

ಅವನ ಜಾಗಕ್ಕೆ ಮಾರ್ಕೆಲ್ ಅಂತ ಬಂದಿದಾನೆ. ಗೋದಾಮಲ್ಲಿ ಮೂಟೆ ಹೊರೋನು. ಎಮ್ಮೆ ಬಲ, ಆದ್ರೆ ಕಾಯೋ ಬುದ್ಧಿ ಇಲ್ಲ. ನಾನು ಚೆಂಡು ಕೊಡೋ ಮುಂಚೇನೇ ಅಲ್ಲಾಡಿಬಿಡ್ತಾನೆ. ಅಲ್ಲಾಡಿದ್ರೆ ಐದು ಗಜ ಹಿಂದಕ್ಕೆ. ಮೈದಾನ ಇರೋದೇ ಐವತ್ತು ಗಜ ಅಕ್ಕ, ಇವತ್ತು ಅವನೊಬ್ಬನೇ ನಮ್ಮನ್ನ ಮೂವತ್ತೈದು ಗಜ ಹಿಂದಕ್ಕೆ ತಳ್ದ. ಇನ್ನು ನಾಲ್ಕು ಸಲ ಅಲ್ಲಾಡಿದ್ರೆ ಪಾರ್ಕಿಂಗಲ್ಲಿ ಆಡ್ಬೇಕಿತ್ತು.

"ಯಾಕೋ ಅಲ್ಲಾಡ್ತೀಯ?"

"ಸೊಳ್ಳೆ."

"ಒಳಗಡೆ ಎಲ್ಲಿಂದ ಬರುತ್ತೋ ಸೊಳ್ಳೆ?"

"ಮನಸ್ಸಲ್ಲಿ ಬರುತ್ತೆ ಬ್ರೋ."

ಹೋಕ್ಸ್ತ್ರಾ ಅಜ್ಜಿ ನನಗೋಸ್ಕರ ಆಲೂಗಡ್ಡೆ, ಚೀಸ್ ಹಾಕಿ ಬೇಯಿಸಿದ್ದು ಒಂದು ಟ್ರೇ ತಂದಿದ್ಲು. ಆಟ ಮುಗಿದ್ಮೇಲೆ ಜನ ಎಲ್ಲ ಮೈದಾನಕ್ಕಿಳಿದು ನಮ್ಮ ಸಹಿ ತಗೋತಾರೆ. ಸೋತೋರ ಸಹಿ! ಸಾಲಲ್ಲಿ ನಿಂತು! ಒಬ್ಬ ಪ್ಲಂಬರ್ ತನ್ನ ಬೊಕ್ಕ ತಲೆ ಮೇಲೆ ಹಾಕಿಸ್ಕೊಂಡ. ನಗು ತಡೆಯೋಕಾಗ್ಲಿಲ್ಲ. ಏನೋ ಅಕ್ಕ, ಸೋತು ರೂಮಿಗೆ ಬರೋನಿಗೆ ಇಷ್ಟು ಹಗುರ ಆಗ್ಬಾರ್ದು, ಆದ್ರೂ ಆಗುತ್ತೆ.

ಏಪ್ರಿಲ್ 22, ಸೋಮವಾರ
ಸಿಯೆನಿ, ಬರಹ

ಸೆತೆ, ಸುದ್ದಿ ಇದೆ. ನಮ್ಮ ಶಾಲೆ ತಂಡಕ್ಕೆ ಕೋಚ್ ಬೇಕಾಗಿದೆ. ಹೋದ ವರ್ಷದೋನು ಬಿಟ್ಟುಹೋದ. ಸಮಿತೀಲಿ ತಾಲಮೋನಿ ಹಿರಿಯರು ನಿನ್ನ ಹೆಸರು ತೆಗೆದ್ರು. ಅವರು ಬಾಯಿಬಿಟ್ರೆ ಅರ್ಧ ಗಂಟೆ ಅಂತ ನಿನಗೆ ಗೊತ್ತು, ಆ ಅರ್ಧ ಗಂಟೇನೂ ನಿನ್ನ ಬಗ್ಗೇನೇ. ಆಗಸ್ಟಿಂದ ಕೆಲಸ. ಮನೇಲೇ ಇರ್ಬಹುದು, ಮನೆ ಊಟ.

ಬೇಕಾ? ಯೋಚ್ನೆ ಮಾಡು. ಜೂನ್ ಹದಿಮೂರಕ್ಕೆ ಸಭೆ, ಅವತ್ತು ತೀರ್ಮಾನ.

ಹೋದ ವಾರ ಸಂದೇಶನೇ ಇಲ್ಲ. ರಜಾ ವಾರ ಅಂತ ಗೊತ್ತು. ಆದ್ರೂ ಮೈ ಚೆನ್ನಾಗಿದೆ ತಾನೆ?

ಏಪ್ರಿಲ್ 27, ಶನಿವಾರ
ಸೆತೆ, ಧ್ವನಿ ಸಂದೇಶ

ಥೂ! ಈ ಅಪಾರ್ಟ್‌ಮೆಂಟಿನ ನಲ್ಲಿ ಮನೆ ಹಾಳಾಗ. ಬಿಸಿನೀರು ಬರುತ್ತೆ ಅಂತ ಸೋಪ್ ಹಚ್ಕೊಂಡು ನಿಂತ್ರೆ ಮಂಜುಗಡ್ಡೆ. ಒಂದು ಕೈಲಿ ಬೇರೆ ತೊಳ್ಕೋಬೇಕು... ಇನ್ನೊಂದು ಕೈಲಿ ಫೋನ್ ಇತ್ತು, ಅದಕ್ಕೆ.

ಮೈ ಚೆನ್ನಾಗಿದೆ. ಮನಸ್ಸೇ ಸರಿ ಇಲ್ಲ. ಇವತ್ತು ಗೋಡೆ ಪಕ್ಕದಲ್ಲೇ ಇದ್ದೆ, ಇಡೀ ಆಟ.

ಮಾರ್ಕೆಲ್ ಕಥೆ ಕೇಳು. ಬುಧವಾರ ಕೋಚ್ ನನ್ನ ಕರೆದು, "ಈ ನಾಲ್ಕು ಜನರನ್ನ ನಿನಗೆ ಒಪ್ಪಿಸ್ತೀನಿ, ಏನಾದ್ರೂ ಮಾಡು" ಅಂದ್ರು. ಏನ್ ಮಾಡ್ಲಿ? ಕೂಗಿದ್ರೆ ಆಗಲ್ಲ, ಅಷ್ಟು ದೊಡ್ಡ ಮೈಯೋರಿಗೆ ಹೊಡೆಯೋಕಂತೂ ಆಗಲ್ಲ. ಪಾರ್ಕಿಂಗ್ ಜಾಗದಲ್ಲಿ ನಾಲ್ಕೂ ಜನರನ್ನ ಚಕ್ಕಳಮಕ್ಕಳ ಕೂರಿಸ್ದೆ. ಸಾಸಾ ಹೇಳ್ಕೊಟ್ಟೆ! ನಗ್ಬೇಡ. ನಾವು ಚರ್ಚಲ್ಲಿ ಮಕ್ಕಳಾಗಿದ್ದಾಗ ಸಾಲಾಗಿ ಕೂತು ಡಬ್ಬದ ಸದ್ದಿಗೆ ತೊಡೆ ತಟ್ಟಿ, ಚಪ್ಪಾಳೆ ತಟ್ಟಿ, ಕೈ ಕುಣಿಸ್ತಿದ್ವಲ್ಲ, ಒಬ್ಬ ತಪ್ಪಿದ್ರೂ ಅಜ್ಜಿ ಬೀಸಣಿಗೇಲಿ ಬಿಡ್ತಿದ್ಲಲ್ಲ, ಅದೇ. ಬಿಸ್ಕತ್ತಿನ ಡಬ್ಬ ತಗೊಂಡು ಬಾರಿಸೋಕೆ ಶುರು ಮಾಡ್ದೆ.

ಮಾರ್ಕೆಲ್ ಹೇಳ್ದ, "ಏಯ್ ಸೆತೆ, ಇದು ಫುಟ್‌ಬಾಲೋ, ಅಂಗನವಾಡಿನೋ?"

"ಬಾಯ್ಮುಚ್ಕೊಂಡು ತೊಡೆ ತಟ್ಟು."

"ಯಾರ ತೊಡೆ?"

"ನಿಂದೇ ಕಣೋ!"

ಮೂರು ದಿನ. ಡಬ್ಬದ ಮೇಲೆ ಪೆಟ್ಟು ಬೀಳೋವರೆಗೂ ಒಂದು ಕೈ ಅಲುಗಬಾರ್ದು, ಬಿದ್ದ ತಕ್ಷಣ ಎಂಟು ಕೈ ಒಂದೇ ಸದ್ದು. ಗುರುವಾರ ಮಳೆ ಸದ್ದಿನ ಹಾಗಿತ್ತು, ಯಾವಾಗ್ಲೋ ಒಂದು ಹನಿ. ಶುಕ್ರವಾರ ಒಂದೇ ಪೆಟ್ಟು. ಇವತ್ತು ಆಟದಲ್ಲಿ ಮಾರ್ಕೆಲ್ ಒಂದ್ಸಲನೂ ಅಲ್ಲಾಡ್ಲಿಲ್ಲ. ಕಲ್ಲು! ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಅಲ್ಲಾಡ್ತಿರ್ಲಿಲ್ಲ. ನಾನು ಗೋಡೆ ತಟ್ಟಿ ತಟ್ಟಿ ಕೈ ಊದಿಸ್ಕೊಂಡಿದೀನಿ.

ಹಾಂ, ಅಂದಹಾಗೆ ಗೆದ್ವಿ. ನಲವತ್ತೊಂದು ಮೂವತ್ತೆಂಟು.

ಕೋಚ್ ಕೆಲಸ... ಬೇಕು ಅಕ್ಕ. ಬೇಕೇ ಬೇಕು. ಪತ್ರ ಓದ್ದಾಗಿಂದ ತಲೆಯಲ್ಲಿ ಅದೇ ಕೂತಿದೆ. ಆದ್ರೆ ತಾಲಮೋನಿ ನನ್ನ ಹೆಸರು ಯಾಕೆ ತೆಗೆದ್ರು? ಐದು ಸೋಲು, ಒಂದು ಗೆಲುವು. ಅದೂ ಇವತ್ತಿನದು.

ಏಪ್ರಿಲ್ 28, ಭಾನುವಾರ
ಸಿಯೆನಿ, ಬರಹ

ಯಾಕೋ ಈ ವಾರ ಮಾಲೋ ಅನ್ಲಿಲ್ಲ? ಥೂ ಅಂತ ಯಾರಾದ್ರೂ ಶುರು ಮಾಡ್ತಾರಾ? ಅಜ್ಜಿ ರಾತ್ರಿ ಊಟ ಮಾಡ್ಲಿಲ್ಲ. ಇವತ್ತೂ ಉಪವಾಸ, ನಿನ್ನ ಹೆಸರಲ್ಲಿ.

ಗೆದ್ದಿದ್ದಕ್ಕೆ ಸಂತೋಷ ಆಯ್ತು. ನಿಜವಾಗ್ಲೂ. ಗೋಡೆಗೆ ಜಾಸ್ತಿ ಬಡಿಸ್ಕೋಬೇಡ. ಎಷ್ಟು ಸಲ ಎಸೆದ್ರು ನಿನ್ನ?

ಮೇ 11, ಶನಿವಾರ
ಸೆತೆ, ಧ್ವನಿ ಸಂದೇಶ

ಮಾಲೋ ಅಕ್ಕ. ಸೋತ್ವಿ. ಬಸ್ಸಲ್ಲಿದೀನಿ, ಎಲ್ಲರೂ ಮಲಗಿದಾರೆ, ಮಾರ್ಕೆಲ್ ಗೊರಕೆ ಕೇಳಿಸ್ತಿದೆಯಾ? ಅದೂ ಸಾಸಾ ತಾಳದಲ್ಲೇ.

ನಾನು ಥೂ ಅಂದ್ರೆ ಅಜ್ಜಿ ಯಾಕೆ ಉಪವಾಸ ಮಾಡ್ತಾಳೆ? ಎರಡು ವಾರದಿಂದ ತಲೆ ಕೆರ್ಕೊಳ್ತಿದೀನಿ. ಶಾಲೆಯವ್ರಿಗೆ ನಮ್ಮ ಅಂಕ ಗೊತ್ತಾ? ಗೊತ್ತಿದ್ದೂ ಕರೀತಿದಾರಾ? ನೇರ ಹೇಳು. ನೀನು "ಯಾಕೆ ಅಂತ ಕೇಳ್ಬೇಡ" ಅಂದಾಗೆಲ್ಲ ಏನೋ ಇದ್ದೇ ಇರುತ್ತೆ, ಚಿಕ್ಕಂದಿನಿಂದ ನೋಡಿದೀನಿ.

ಜೂನ್ 2, ಭಾನುವಾರ
ಸಿಯೆನಿ, ಬರಹ

ಸೆತೆ, ಮೂರು ವಾರ ಬರೀಲಿಲ್ಲ. ಬರೆದು ಬರೆದು ಅಳಿಸ್ದೆ. ಈಗ ಒಂದೇ ಉಸಿರಲ್ಲಿ ಹೇಳ್ತೀನಿ, ಮಧ್ಯೆ ಬೈಬೇಡ.

ನೀನು ಪ್ರತಿ ಸಲ ಮಾಲೋ ಅಂತ ಶುರು ಮಾಡ್ತೀಯ. ನೀನು ಅನ್ನೋದು ನಮಸ್ಕಾರ ಅಂತ. ಆದ್ರೆ ಗೆದ್ವಿ ಅನ್ನೋದಕ್ಕೂ ನಮ್ಮ ಬಾಯಲ್ಲಿ ಅದೇ ಮಾತು ತಾನೆ? ಮೊದಲನೇ ಶನಿವಾರ ಪ್ರಾರ್ಥನೆ ಮಧ್ಯೆ ಅದೊಂದೇ ಮಾತು ಕೇಳಿಸ್ತು, ನಾನು ಫೋನ್ ಅದುಮಿದೆ. ಅಜ್ಜಿ ಕಣ್ಣು ತೆರೆದು, "ಗೆದ್ದನಂತೆ!" ಅಂದ್ಲು. ದೊಡ್ಡದಾಗಿ. ಪ್ರಾರ್ಥನೆ ಅಲ್ಲಿಗೇ ನಿಂತು ಎಲ್ಲರೂ ಅಳೋರೇ. ನೀನು ಅಂಕ ಹೇಳ್ಬೇಡ ಅಂದಿದ್ದೆ. ಹೇಳ್ಲಿಲ್ಲ.

ಅಲ್ಲಿಂದ ಅದೊಂದು ಪದ್ಧತಿ ಆಗೋಯ್ತು. ಪ್ರತಿ ಶನಿವಾರ ಗಂಟೆ ಹೊಡೆಯೋ ಮುಂಚೆ, "ಮೊದಲ ಮಾತು ಕೇಳಿಸು ಸಾಕು" ಅಂತಾಳೆ. ಕೇಳಿಸ್ತೀನಿ. ಮಾಲೋ. ನಿಲ್ಲಿಸ್ತೀನಿ. ಪಕ್ಕದ ಮನೆಯೋರೂ ಬಂದು ಕೂರ್ತಾರೆ ಈಗ. ಉಳಿದದ್ದನ್ನ ನಾನೊಬ್ಬಳೇ ನೀರಿನ ಟ್ಯಾಂಕ್ ಹಿಂದೆ ನಿಂತು ಕೇಳೋದು. ಗೆದ್ದ ದಿನ ಮಾತ್ರ ನೀನು ಥೂ ಅಂದೆ. ಪಕ್ಕದ ಮನೆಯೋರು ಊಟಕ್ಕೂ ನಿಲ್ದೆ ಎದ್ದು ಹೋದ್ರು ಅವತ್ತು.

ನಿನ್ನೆಗೆ ಒಂಬತ್ತು ಆಟ ಆಯ್ತು. ನಿನ್ನ ಕಡೆ ಎಂಟು ಸೋಲು, ಒಂದು ಗೆಲುವು. ನಮ್ಮ ಕಡೆ ಎಂಟು ಗೆಲುವು, ಒಂದು ಸೋಲು. ಪಾದ್ರಿ ಮಗ ಒಂದ್ಸಲ ಇಂಟರ್ನೆಟ್ಟಲ್ಲಿ ಹುಡುಕ್ದ, ನನ್ನ ಜೀವ ಬಾಯಿಗೆ ಬಂತು. ನಿಮ್ಮ ತಂಡದ ಪುಟದಲ್ಲಿ ಟಿಕೆಟ್ ಜೊತೆ ಹಾಟ್‌ಡಾಗ್ ಉಚಿತ ಅಂತ ಇತ್ತೇ ಹೊರತು ಬೇರೇನೂ ಇರ್ಲಿಲ್ಲ.

ತಾಲಮೋನಿ ನಿನ್ನ ಕರೆದಿದ್ದು ಅದಕ್ಕೇ. ಗೆದ್ದೋನು ಅಂತ. ನೀನು ಮನೆಗೆ ಬರ್ಬೇಕು ಅಂತ ನನಗೆಷ್ಟು ಆಸೆ ಇತ್ತು ಅಂದ್ರೆ, ಬಾಯಿ ಬರ್ಲಿಲ್ಲ. ತಪ್ಪು ನಂದೇ.

ಗುರುವಾರ ಹದಿಮೂರಕ್ಕೆ ಸಭೆ. ನೀನು ಸುಮ್ನಿರು ಅಂದ್ರೆ ಸುಮ್ನಿರ್ತೀನಿ, ಕೆಲಸ ನಿಂದು. ಹೇಳು ಅಂದ್ರೆ ಹೇಳ್ತೀನಿ, ಕೆಲಸ ಹೋಗುತ್ತೆ, ಅಜ್ಜಿ ಮುಖ ಏನಾಗುತ್ತೋ ಗೊತ್ತಿಲ್ಲ. ನೀನೇ ಹೇಳು.

ಜೂನ್ 8, ಶನಿವಾರ
ಸೆತೆ, ಧ್ವನಿ ಸಂದೇಶ

ಅಕ್ಕ, ಇದನ್ನ ಈಗ ಕೇಳಿಸ್ಬೇಡ. ಗುರುವಾರ ಸಭೇಲಿ, ಅಜ್ಜಿ ಇರುವಾಗ, ಪೂರ್ತಿ ಕೇಳಿಸು. ಮೊದಲ ಮಾತಿಗೇ ಅದುಮಿದ್ರೆ ನಮ್ಮಿಬ್ಬರ ಮಾತುಕತೆ ಅಲ್ಲಿಗೆ ಮುಗೀತು, ನೋಡು. ನಿನ್ನ ಮೇಲೆ ಮೂರು ದಿನ ಕೋಪ ಇತ್ತು. ನಾಲ್ಕನೇ ದಿನ ಆ ಥೂ ನೆನೆಸ್ಕೊಂಡು ಬಸ್ ಸ್ಟಾಪಲ್ಲಿ ಒಬ್ಬನೇ ನಕ್ಕೆ. ಅಂಕ ಹೇಳ್ಬೇಡ ಅಂದೋನು ನಾನೇ ತಾನೆ.

ಸರಿ. ಹಿರಿಯರೇ, ಅಜ್ಜಿ, ನಾನು ಸೆತೆ.

ನಾವು ಹತ್ತು ಆಟ ಆಡಿದ್ವಿ. ಒಂಬತ್ತು ಸೋತ್ವಿ. ಒಂದು ಗೆದ್ವಿ. ನೀವು ಕೇಳಿಸ್ಕೊಂಡ ಮಾಲೋ ಎಲ್ಲ ನಮಸ್ಕಾರ ಅಷ್ಟೇ. ಅಕ್ಕ ಸುಳ್ಳು ಹೇಳ್ಲಿಲ್ಲ, ನಾನೇ ಅವಳ ಬಾಯಿ ಕಟ್ಟಿದ್ದೆ.

ಇನ್ನೊಂದಿದೆ. ಇದು ಅಕ್ಕನಿಗೂ ಗೊತ್ತಿಲ್ಲ. ಐದನೇ ಆಟದಲ್ಲಿ ನನ್ನ ಬಲಗೈ ಹೆಬ್ಬೆರಳು ಮುರೀತು. ಹೆಬ್ಬೆರಳಿಲ್ದೆ ಚೆಂಡು ಕೊಡೋಕಾಗಲ್ಲ. ಆಮೇಲಿನ ಐದು ಆಟ ನಾನು ಆಡೇ ಇಲ್ಲ. ಗೋಡೆ ಪಕ್ಕ ಇದ್ದೆ ಅಂದಿದ್ನಲ್ಲ ಅಕ್ಕ, ಎಸೆದಿದ್ದಲ್ಲ, ನಿಂತಿದ್ದೆ. ನಾವು ಗೆದ್ದ ಆಟ ನಾನಿಲ್ದೇನೇ ಗೆದ್ದಿದ್ದು. ಅವತ್ತಿನ ಥೂ ನಲ್ಲಿ ಮೇಲಿನ ಸಿಟ್ಟಲ್ಲ.

ಕೋಚ್ ನನ್ನ ಮನೆಗೆ ಕಳಿಸ್ಬಹುದಿತ್ತು. ಕಳಿಸ್ಲಿಲ್ಲ. ಹೊಸಬರನ್ನ ನನಗೆ ಒಪ್ಪಿಸಿದ್ರು, ನಾನು ಸಾಸಾ ಕಲಿಸ್ದೆ. ಇವತ್ತು ಕೊನೇ ಆಟ. ನಲವತ್ತನಾಲ್ಕು ನಲವತ್ತೇಳು, ಸೋತ್ವಿ. ಆದ್ರೆ ಇಡೀ ಆಟದಲ್ಲಿ ನಮ್ಮ ಸಾಲಿನೋರು ಒಬ್ಬರೂ ಮೊದಲೇ ಅಲ್ಲಾಡ್ಲಿಲ್ಲ. ಒಬ್ಬರೂ. ಕೊನೆಗೆ ಆ ಹೋಕ್ಸ್ತ್ರಾ ಅಜ್ಜಿ ಎದ್ದು ಗೋಡೆ ಮೇಲೆ ಸಾಸಾ ತಾಳ ಬಡಿಯೋಕೆ ಶುರು ಮಾಡಿದ್ಲು. ನೋಡ್ತಾ ನೋಡ್ತಾ ಗೋಡೆ ಸುತ್ತ ಎಲ್ಲರೂ ಬಡಿದ್ರು. ಸೋತ ಮೇಲೆ ಕಾಲು ಗಂಟೆ ಯಾರೂ ಮನೆಗೆ ಹೋಗ್ಲಿಲ್ಲ. ತಾಳ ತಪ್ಪಿತ್ತು ಬಿಡಿ. ಆದ್ರೂ.

ನನಗೆ ಆ ಕೆಲಸ ಬೇಕಿತ್ತು. ಊರಿಗೆ ಬರ್ಬೇಕಿತ್ತು. ಗೆದ್ದೋನು ಅಂತ ಬಂದು, ಒಂದಿನ ಯಾರೋ ಅಂಕ ಹುಡುಕಿ ತೆಗೆದು, ಅಜ್ಜಿ ಚರ್ಚಲ್ಲಿ ತಲೆ ತಗ್ಗಿಸೋದು ಬೇಡ. ಅಷ್ಟೇ. ಕ್ಷಮಿಸಿ.

ಜೂನ್ 13, ಗುರುವಾರ
ಸಿಯೆನಿ, ಬರಹ

ಹೆಬ್ಬೆರಳು! ಅದನ್ನ ಆಮೇಲೆ ವಿಚಾರಿಸ್ಕೋತೀನಿ ನಿನ್ನ.

ಪೂರ್ತಿ ಕೇಳಿಸ್ದೆ. ಸಭಾಮನೆಯಲ್ಲಿ ಹದಿನೆಂಟು ಜನ, ಚಾಪೆ ಮೇಲೆ. ನಾನು ನೆಲ ನೋಡ್ತಾ ಕೂತಿದ್ದೆ. ಮೊದಲು ಬಾಯಿಬಿಟ್ಟಿದ್ದು ಅಜ್ಜಿ.

"ಅಂದ್ರೆ ಅವನು ಗೆದ್ದ ದಿನ ನಾನು ಉಪವಾಸ ಕೂತಿದ್ದಾ?"

"ಹೂಂ ಅಜ್ಜಿ."

"ಸೋತ ದಿನ ಎಲ್ಲ ಓಣಿಗೆ ಊಟ ಹಾಕಿದ್ದಾ?"

"ಹೂಂ."

"ಓಣಿಯವ್ರು ಪುಣ್ಯವಂತರು. ಅವನು ಹತ್ತೂ ಗೆದ್ದಿದ್ರೆ ಒಂದು ತುತ್ತೂ ಸಿಗ್ತಿರ್ಲಿಲ್ಲ."

ಯಾರೋ ಕಿಸಕ್ಕಂದ್ರು. ಆಮೇಲೆ ತಡೆಯೋರೇ ಇಲ್ಲ ಕಣೋ, ಪಾದ್ರಿ ಕಣ್ಣೊರೆಸ್ಕೊಂಡು ನಕ್ಕರು. ಅಜ್ಜಿ ನಗ್ಲಿಲ್ಲ. ಉಟ್ಟಿದ್ದ ಬಟ್ಟೆ ತುದೀಲಿ ನನ್ನ ಫೋನ್ ಒರೆಸಿ ವಾಪಸ್ ಕೊಟ್ಲು.

ತಾಲಮೋನಿ ಕೋಲು ಊರ್ಕೊಂಡು ಎದ್ರು. ಅರ್ಧ ಗಂಟೆ ಅಂತ ಎಲ್ಲರೂ ಕಾಲು ಸರಿಮಾಡ್ಕೊಂಡ್ರು. ನಾಲ್ಕೇ ನಿಮಿಷ ಮಾತಾಡಿದ್ರು, ಊರಲ್ಲಿ ಅದೇ ದೊಡ್ಡ ಸುದ್ದಿ ಈಗ.

"ಪಕ್ಕದೂರಿನ ಶಾಲೆ ಮುಂದೆ ನಾವು ಹನ್ನೊಂದು ವರ್ಷದಿಂದ ಸೋಲ್ತಾ ಇದೀವಿ," ಅಂದ್ರು. "ಹೋದ ವರ್ಷ ಹೊನೊಲುಲುವಿಂದ ಒಬ್ಬ ಗೆದ್ದೋನನ್ನ ಕರೆಸಿದ್ವಿ. ಎರಡನೇ ಸೋಲಿಗೆ ವಿಮಾನ ಹತ್ತಿದ. ಗೆದ್ದೋನಿಗೆ ನಮ್ಮ ಹುಡುಗ್ರ ಜೊತೆ ಏನು ಕೆಲಸ? ಈ ಹುಡುಗ ಬೆರಳು ಮುರ್ಕೊಂಡು ಒಂಬತ್ತು ಸೋತು ಹತ್ತನೇ ದಿನಾನೂ ಗೋಡೆ ಪಕ್ಕ ನಿಂತಿದಾನೆ."

ಹಿಂದಿಂದ ಯಾರೋ ಕೂಗಿದ್ರು, "ಸೋಲೋದು ನಮಗೇ ಚೆನ್ನಾಗಿ ಬರುತ್ತೆ ಹಿರಿಯರೇ, ಕಲಿಸೋಕೆ ಅವನ್ಯಾಕೆ?"

"ಅಲ್ಲಾಡ್ದೆ ಸೋಲೋದು ಬರಲ್ಲವಲ್ಲ ನಿನಗೆ!" ಅಂದ್ರು ತಾಲಮೋನಿ. "ಹೋದ ವರ್ಷ ನಿನ್ನ ಮಗ ಒಂದೇ ಆಟದಲ್ಲಿ ಆರು ಸಲ ಅಲ್ಲಾಡ್ದ. ಸಾಸಾ ನಮ್ದು. ನಮ್ಮ ಮಕ್ಕಳು ನಡೆಯೋಕೆ ಮುಂಚೆ ತಾಳ ಹಾಕ್ತಾರೆ. ಅದನ್ನ ಮೈದಾನಕ್ಕೆ ತಗೊಂಡು ಹೋಗ್ಬಹುದು ಅಂತ ಇಲ್ಲಿ ಕೂತಿರೋ ಹದಿನೆಂಟು ತಲೆಗೆ ಹೊಳೀಲಿಲ್ಲ. ದನದ ಹರಾಜಿನ ಕೊಟ್ಟಿಗೇಲಿ ನಿಂತ ಇವನಿಗೆ ಹೊಳೀತು."

ಕೆಲಸ ನಿಂದು ಸೆತೆ. ಎಲ್ಲರೂ ಒಪ್ಪಿದ್ರು, ಆ ಆರು ಸಲದೋನ ಅಪ್ಪನೂ. ಆದ್ರೆ ಸಂದೇಶ, ಬರಹ ಯಾವುದೂ ಆಗಲ್ವಂತೆ. ಭಾನುವಾರ ಚರ್ಚಲ್ಲಿ ಹೇಳೋ ಮುಂಚೆ ನಿನ್ನ ಬಾಯಿಂದ, ನೇರ ಫೋನಲ್ಲಿ, ಒಪ್ಪಿಗೆ ಕೇಳ್ಬೇಕಂತೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಮನೆಗೆ ಬರ್ತಾರೆ.

ಏನ್ ಹೇಳ್ತೀಯ?

ಜೂನ್ 14, ಶುಕ್ರವಾರ
ಸೆತೆ, ಧ್ವನಿ ಸಂದೇಶ

ಬರ್ತೀನಿ ಅಕ್ಕ. ಬರ್ತೀನಿ, ಬರ್ತೀನಿ, ಬರ್ತೀನಿ. ನೀನು ಬರೆದಿದ್ದನ್ನ ಮನೆ ಸಾಮಾನು ಸಾಗಿಸೋ ಕೂಲಿ ಕೆಲಸದ ಮಧ್ಯೆ ಓದ್ದೆ, ಫ್ರಿಡ್ಜ್ ಹೊತ್ತು ಮೆಟ್ಟಿಲು ಹತ್ತಿಸ್ತಾ ಇದ್ವಿ, ಕೆಳಗಡೆ ಮಾರ್ಕೆಲ್, ಮೇಲ್ಗಡೆ ನಾನು, ಎಡಗೈಲಿ. "ಅಳ್ತಿದೀಯೇನೋ?" ಅಂದ. "ಭಾರ ಕಣೋ" ಅಂದೆ. "ಖಾಲಿ ಫ್ರಿಡ್ಜು ಬ್ರೋ" ಅಂದ.

ಕೋಚ್‌ಗೂ ಹೇಳ್ದೆ. ಕೈ ಕುಲುಕೋಕೆ ಬಂದ್ರು, ಹೆಬ್ಬೆರಳು ನೋಡಿ ಮೊಣಕೈ ಹಿಡ್ಕೊಂಡು ಕುಲುಕಿದ್ರು. ಸೋತ ತಂಡದಿಂದ ಕೋಚ್ ಆಗಿ ಹೋಗ್ತಿರೋನು ಈ ಊರಲ್ಲಿ ನಾನೇ ಮೊದಲನೇವ್ನಂತೆ. ಆಗಸ್ಟಲ್ಲಿ ಪಕ್ಕದೂರಿನವ್ರ ಹತ್ರ ನಾವು ಮತ್ತೆ ಸೋಲ್ಬಹುದು ಅಕ್ಕ. ಸೋತ್ರೆ ಸೋತ್ವಿ ಬಿಡು. ಮೊದಲ ದಿನವೇ ನಮ್ಮ ಹುಡುಗ್ರನ್ನೆಲ್ಲ ಸಾಲಾಗಿ ಚಾಪೆ ಮೇಲೆ ಕೂರಿಸ್ತೀನಿ, ಬೂಟು ಆಮೇಲೆ. ಹೆಸರು ಪಟ್ಟಿ ಕಳಿಸು, ಯಾರು ಯಾರ ಮಗ ಅಂತ ಬರೆದು.

ಈಗ ಒಂದೇ ಭಯ. ತಾಲಮೋನಿ ಅಂಥೋರ ಮುಂದೆ ಮಾತಾಡೋ ಮರ್ಯಾದೆಯ ಮಾತು ಪೂರ್ತಿ ಮರ್ತೋಗಿದೆ. ಒಪ್ಪಿದೆ ಅನ್ನೋಕೆ ಹಿರಿಯರ ಹತ್ರ ಬೇರೆ ಮಾತಿದೆಯಲ್ಲ, ಯಾವುದದು? ಇಲ್ಲಿ ದಿನಾ ಬರೀ ಥೂ, ಮನೆ ಹಾಳಾಗ ಅಂದ್ಕೊಂಡೇ ನಾಲಿಗೆ ಕೆಟ್ಟೋಗಿದೆ. ಅವರು ಕೋಲು ಊರ್ಕೊಂಡು ಒಳಗೆ ಬಂದು ಕೂರೋ ಮುಂಚೆ ನೀನು ನನಗೆ ಹೇಳ್ಕೊಡ್ಬೇಕು, ನಾನು ನಿನ್ನ ಹಿಂದೆ ಐದಾರು ಸಲ ಹೇಳ್ಬೇಕು. ಅವರು ಮೂರಕ್ಕೆ ತಾನೆ ಬರೋದು? ನೀನು ಕಾಲು ಗಂಟೆ ಮುಂಚೇನೇ ಫೋನ್ ಮಾಡು. ನಾಳೆ, ಶನಿವಾರ, ನಿಮ್ಮ ಮಧ್ಯಾಹ್ನ ಎರಡೂ ಮುಕ್ಕಾಲಿಗೆ.